ಜಳಕದ ಮರೆ: ಕೃಷ್ಣಾತೀರದ ಕಬ್ಬು ಬೆಳೆಗಾರರಿಗೊಂದು ಬಹಿರಂಗ ಪತ್ರ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಕಬ್ಬು ಬೆಳೆಗಾರ ಬಂಧುಗಳಿಗೆ,



ದೀಪಾವಳಿಯ ಹಣತೆಗಳು ಆರಿ ಕಾರ್ಖಾನೆಗಳ ಚಿಮಣಿಗಳು ಹೊಗೆಯಾಡತೊಡಗುವ ಹೊತ್ತಿಗೆ, ನಮ್ಮ ಸೀಮೆಯ ರಸ್ತೆಗಳಲ್ಲಿ ಪ್ರತಿವರ್ಷವೂ ತಪ್ಪದೆ ಕಾಣಬರುವ ಒಂದು ಮೆರವಣಿಗೆಯುಂಟು. ಬೀಡ, ಪರಭಣಿ, ಧಾರಾಶಿವಗಳ ಕಡೆಯಿಂದಲೂ ನಮ್ಮದೇ ವಿಜಯಪುರ, ಕಲಬುರಗಿ ಜಿಲ್ಲೆಗಳ ತಾಂಡಾಗಳಿಂದಲೂ ಹೊರಟ ಟ್ರ್ಯಾಕ್ಟರುಗಳ ಹಿಂದಿನ ಟ್ರಾಲಿಗಳಲ್ಲಿ ಹಾಸಿಗೆಯ ಸುರುಳಿ, ಜೋಳದ ಚೀಲ, ಕೊಡ, ಬುಟ್ಟಿ, ಆಡಿನ ಮರಿ, ಕೈಗೂಸು ಇವೆಲ್ಲವೂ ಒಂದನ್ನೊಂದು ಒತ್ತಿಕೊಂಡು ಬರುವುದನ್ನು ತಾವೆಲ್ಲರೂ ಬಲ್ಲಿರಿ. ಕಬ್ಬು ಕಡಿಯುವವರ ಆ ಟೋಳಿಗಳು ಬಂದಿಳಿಯದ ಹೊರತು ತಮ್ಮ ಹೊಲದ ಒಂದು ಜಲ್ಲೆಯೂ ಕಾರ್ಖಾನೆಯ ಬಾಗಿಲನ್ನು ಕಾಣದೆಂಬುದನ್ನೂ ಬಲ್ಲಿರಿ. ದಾರಿಯುದ್ದಕ್ಕೂ ಆ ಟ್ರಾಲಿಯೇ ಅವರ ಮನೆ. ಒಂದೂರಿನ ಕಟಾವು ಮುಗಿದು ಮತ್ತೊಂದೂರಿಗೆ ಟೋಳಿ ಬದಲಾಗುವಾಗಲೆಲ್ಲ ಮರಳಿ ಅದೇ ಮನೆ. ನಡುವಿನ ದಿನಗಳಲ್ಲಿ ಅದರ ಪಕ್ಕಕ್ಕೆ ಇಳಿಬಿಟ್ಟ ತಾಡಪತ್ರಿ, ಇಲ್ಲವೆ ರವದಿ, ಅಂದರೆ ಕಬ್ಬಿನ ಒಣ ಸೋಗೆ, ಹೊದೆಸಿದ ಕೋಪಿಯೆಂಬ ಗುಡಿಸಲು. ಹೀಗೆ ಅಕ್ಟೋಬರ್ ನವೆಂಬರಿನಿಂದ ಮೊದಲ್ಗೊಂಡು ಮಾರ್ಚಿಯವರೆಗೆ, ಒಮ್ಮೊಮ್ಮೆ ಏಪ್ರಿಲಿನವರೆಗೂ, ಗಾಲಿಗಳ ಮೇಲೆಯೂ ಗಾಲಿಗಳ ನೆರಳಿನಲ್ಲಿಯೂ ಸಾಗುವ ಈ ಸಂಸಾರದಲ್ಲಿ ಒಲೆಗೆ ಸ್ಥಳವುಂಟು, ತೊಟ್ಟಿಲಿಗೆ ಸ್ಥಳವುಂಟು, ಜಳಕಕ್ಕೆ ಮಾತ್ರ ಸ್ಥಳವಿಲ್ಲ. ಈ ಪತ್ರವು ಆ ಒಂದು ವಿಷಯಕ್ಕೆ ಮಾತ್ರ ಸಂಬಂಧಪಟ್ಟುದು.

ಇದನ್ನು ಸರಕಾರಕ್ಕೆ ಬರೆಯದೆ, ಕಾರ್ಖಾನೆಗಳ ಆಡಳಿತ ಮಂಡಳಿಗಳಿಗೂ ಬರೆಯದೆ, ತಮಗೇ ಏಕೆ ಬರೆಯುತ್ತಿರುವೆನೆಂದು ತಾವು ಕೇಳಬಹುದು. ನಾನೂ ಕಬ್ಬು ಬೆಳೆಯುವ ಮನೆತನದಲ್ಲಿ ಹುಟ್ಟಿ ಕಬ್ಬು ಬೆಳೆಯುವ ಮನೆತನವನ್ನೇ ಸೇರಿದವಳು; ಆದುದರಿಂದ ಈ ಮಾತನ್ನು ಹೊರಗಿನವಳ ದೂರೆಂದು ತಿಳಿಯದೆ ಮನೆಯೊಳಗಿನ ಮಾತೆಂದೇ ತಿಳಿಯಬೇಕೆಂದು ಬಿನ್ನಹ. ಸರಕಾರವು ಬೆಂಗಳೂರಿನಲ್ಲಿದೆ, ಆಡಳಿತ ಮಂಡಳಿಯು ತನ್ನ ಕಚೇರಿಯಲ್ಲಿದೆ, ಟೋಳಿಯನ್ನು ಕರೆತಂದ ಮುಕಾದಮನು ತನ್ನ ಮೋಟಾರ್ ಸೈಕಲ್ಲಿನ ಮೇಲಿದ್ದಾನೆ. ಆದರೆ ಟೋಳಿಯ ಹೆಣ್ಣುಮಗಳು ಕೊರೆಯುವ ಚಳಿಯಲ್ಲಿ ಮೈಮೇಲೆ ನೀರು ಹುಯ್ದುಕೊಳ್ಳುವಾಗ ಅವಳ ಪಾದದ ಕೆಳಗಿನ ನೆಲ ತಮ್ಮದು, ಅವಳ ಕೊಡದ ನೀರು ತಮ್ಮ ಬಾವಿಯದು. ಇದಕ್ಕಿಂತ ಸಮೀಪದ ಹೊಣೆ ಇನ್ನಾರದೆಂದು ನನಗಂತೂ ತೋರುವುದಿಲ್ಲ.

ಆ ಜಳಕವು ಹೇಗೆ ನಡೆಯುವುದೆಂಬುದನ್ನು ಗಂಡಸರು ನೋಡತಕ್ಕದ್ದೂ ಅಲ್ಲ, ನೋಡಿಯೂ ಇರಲಾರರು. ಆದುದರಿಂದ ನಾನೇ ಹೇಳಬೇಕಾಗಿದೆ. ಟ್ರಾಲಿಯನ್ನು ಬದುವಿನ ಪಕ್ಕಕ್ಕೆ ನಿಲ್ಲಿಸಿದಾಗ ಅದರ ಹಿಂಬದಿಗೂ ಇನ್ನೂ ಕಡಿಯದ ಕಬ್ಬಿಗೂ ನಡುವೆ ಮೂರು ನಾಲ್ಕು ಅಡಿಗಳ ಓಣಿಯೊಂದು ಏರ್ಪಡುತ್ತದೆ. ಆ ಓಣಿಯ ಒಂದು ಬಾಯಿಗೆ, ಟ್ರಾಲಿಯ ಕೊಂಡಿಯಿಂದ ನೆಲದಲ್ಲಿ ನೆಟ್ಟ ಒಂದು ಕೋಲಿನವರೆಗೆ, ಹಳೆಯ ಸೀರೆಯೊಂದನ್ನು ಬಿಗಿಯುತ್ತಾರೆ. ಇನ್ನೊಂದು ಬಾಯಿಗೆ ಕಟ್ಟಲು ಎರಡನೆಯ ಕೋಲಿಲ್ಲವಾದುದರಿಂದ ಸೊಸೆಯು ಜಳಕ ಮಾಡುವಾಗ ಅತ್ತೆಯೂ, ಅತ್ತೆಯು ಮಾಡುವಾಗ ಸೊಸೆಯೂ ಇನ್ನೊಂದು ಸೀರೆಯ ಅಂಚನ್ನು ಕೈಯಲ್ಲಿ ಹಿಡಿದು, ಮುಖವನ್ನು ಹೊರಗೆ ತಿರುಗಿಸಿ ನಿಲ್ಲುತ್ತಾರೆ. ಕಾಲ್ಕೆಳಗೆ ಗೊಬ್ಬರದ ಖಾಲಿ ಚೀಲವೊಂದು, ಅದರ ಮೇಲೆ ಎಲ್ಲಿಂದಲೋ ಹೊತ್ತು ತಂದ ಚಪ್ಪಟೆ ಕಲ್ಲೊಂದು. ಮೂರು ಕಲ್ಲುಗಳ ಒಲೆಯ ಮೇಲೆ ರವದಿಯ ಉರಿಯಲ್ಲಿ ಕಾದ ನೀರು ಒಂದೇ ಕೊಡ. ತಣ್ಣೀರು ಬೆರೆಸಿದರೆ ಎರಡು. ಉಟ್ಟ ಸೀರೆಯನ್ನು ಪೂರ್ತಿಯಾಗಿ ತೆಗೆಯುವಂತಿಲ್ಲ; ಅದರೊಳಗೆಯೇ ತಂಬಿಗೆಯಿಂದ ನೀರು ಹುಯ್ದುಕೊಂಡು, ಅದರೊಳಗೆಯೇ ಮೈ ತಿಕ್ಕಿಕೊಂಡು, ತೊಯ್ದ ಸೀರೆಯಲ್ಲಿಯೇ ಟ್ರಾಲಿಯನ್ನೇರಿ, ತಾಡಪತ್ರಿಯ ಕೆಳಗೆ ಮೊಣಕಾಲೂರಿ ಬಾಗಿ ಕುಳಿತು ಬಟ್ಟೆ ಬದಲಾಯಿಸಬೇಕು. ಇದೆಲ್ಲವೂ ಬೆಳಕು ಹರಿಯುವ ಮುನ್ನ, ನಸುಕಿನ ನಾಲ್ಕು ಗಂಟೆಯ ಒಳಗೆ, ಡ್ರೈವರನು ಎಚ್ಚರಗೊಂಡು ಟ್ರ್ಯಾಕ್ಟರಿನ ದೀಪವನ್ನು ಹಾಕುವುದರೊಳಗೆ ಮುಗಿಯತಕ್ಕದ್ದು. ಈ ಏರ್ಪಾಟಿನಲ್ಲಿರುವ ಜಾಣ್ಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಒಂದು ಸೀರೆ, ಒಂದು ಕೋಲು, ಒಬ್ಬಳ ಬೆನ್ನು ಇಷ್ಟರಿಂದಲೇ ಸ್ನಾನಗೃಹವನ್ನು ಕಟ್ಟಿಕೊಳ್ಳಬಲ್ಲವರು ಸಾಮಾನ್ಯರಲ್ಲ. ಆದರೆ ಆ ಜಾಣ್ಮೆಯನ್ನು ಕಂಡು ಮೆಚ್ಚಿ, ಅವರು ಹೇಗೋ ಸಂಭಾಳಿಸಿಕೊಳ್ಳುತ್ತಾರೆಂದು ನಾವು ಸುಮ್ಮನಾಗುವುದಿದೆಯಲ್ಲ, ಅದು ನನಗೆ ಒಪ್ಪಿಗೆಯಾಗದು. ಈಚೆಗೆ ಸ್ಥಿತಿವಂತರು ಮೋಜಿಗಾಗಿ ವ್ಯಾನುಗಳಲ್ಲಿ ದೇಶ ಸುತ್ತುತ್ತ, ಮಡಿಸಿ ಇಡಬಹುದಾದ ಸ್ನಾನದ ಡೇರೆಗಳನ್ನೂ ಬಿಸಿಲಿಗೆ ಕಾಯುವ ನೀರಿನ ಚೀಲಗಳನ್ನೂ ಕೊಂಡೊಯ್ಯುವರಂತೆ. ಅವರಿಗೆ ಅದು ವಿನೋದ, ಬೇಸರವಾದ ದಿನ ಮನೆಗೆ ಮರಳಿದರಾಯಿತು.

ಕಬ್ಬು ಕಡಿಯುವವರಿಗೆ ಜಳಕವೆಂಬುದು ಶೃಂಗಾರವೂ ಅಲ್ಲ, ಕೇವಲ ಮಡಿಯೂ ಅಲ್ಲ. ಅದು ಆ ಉದ್ಯೋಗದ ಒಂದು ಅಂಗವೇ ಆಗಿದೆ. ಕಬ್ಬಿನ ಎಲೆಯ ಅಂಚು ಗರಗಸದಂತಿರುವುದನ್ನೂ, ಸೋಗೆಯ ಬುಡದಲ್ಲಿರುವ ಸಣ್ಣ ಮುಳ್ಳುಗೂದಲು ಬೆವರಿಗೆ ಅಂಟಿಕೊಂಡು ಕುತ್ತಿಗೆ, ಕಂಕುಳು, ಮೊಣಕೈಗಳಲ್ಲಿ ಉರಿಯೆಬ್ಬಿಸುವುದನ್ನೂ ತಮಗೆ ನಾನು ಹೇಳಬೇಕಾಗಿಲ್ಲ; ಎಳೆತನದಲ್ಲಿ ಕಬ್ಬಿನೊಳಗೆ ನುಗ್ಗಿ ಮೈಯೆಲ್ಲ ಗೀರಿಸಿಕೊಂಡು ಬಂದು ತಾಯಿಯ ಕೈಯಿಂದ ಬಿಸಿನೀರು ಹುಯ್ಯಿಸಿಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ? ರವದಿಗೆ ಬೆಂಕಿಯಿಟ್ಟು ಕಡಿಯುವ ಹೊಲದಲ್ಲಾದರೆ ಮೇಲಿನಿಂದ ಮಸಿಯೂ ಸೇರಿತು. ಗಂಡಸು ಸಂಜೆಗೆ ಕಾಲುವೆಯ ದಂಡೆಯಲ್ಲಿಯೋ ಬಾವಿಯ ಪಂಪಿನ ಬಾಯಲ್ಲಿಯೋ ನಿಂತು ತೊಳೆದುಕೊಂಡಾನು. ಹೆಂಗಸಿಗೆ ಸಂಜೆ ಎಂಬುದೇ ಇಲ್ಲ. ಕಡಿದ ಕಬ್ಬನ್ನು ಕಟ್ಟಿ, ತಲೆಯ ಮೇಲೆ ಹೊತ್ತು, ಹಲಗೆಯ ಮೇಲೆ ನಡೆದು ಟ್ರಾಲಿಯನ್ನು ತುಂಬಿದ ಬಳಿಕ ರೊಟ್ಟಿ ಬಡಿಯುವುದು ಅವಳಿಗೇ ಕಾದಿರುತ್ತದೆ. ಕೂಲಿಯಾದರೂ ಅವಳ ಹೆಸರಿನಲ್ಲಿ ಬರುವುದೆ? ಗಂಡಹೆಂಡಿರಿಬ್ಬರನ್ನೂ ಸೇರಿಸಿ ಒಂದು ‘ಕೊಯ್ತಾ’ ಎಂದು ಎಣಿಸಿ, ಇಬ್ಬರಿಗೂ ಸೇರಿಸಿ ಮುಂಗಡ ಕೊಟ್ಟಿರುತ್ತಾರೆ; ಒಂದು ದಿನ ಏಳಲಾಗದೆ ಮಲಗಿದರೆ ‘ಖಾಡಾ’ ಎಂದು ದಂಡವನ್ನು ಹಿಡಿಯುತ್ತಾರೆ. ತಿಂಗಳ ಆ ನಾಲ್ಕು ದಿನಗಳಲ್ಲಿಯೂ ಇದೇ ಲೆಕ್ಕ. ಆಗ ಬೇಕಾಗುವ ನೀರು, ಮರೆ, ಬಟ್ಟೆಯನ್ನು ಒಗೆದು ಬಿಸಿಲಿಗೆ ಹರವುವ ಒಂದು ಗೇಣು ಹಗ್ಗ, ಇವು ಮೂರೂ ಇಲ್ಲದಿರಲಾಗಿ, ತೊಯ್ದ ಬಟ್ಟೆಯನ್ನು ತಾಡಪತ್ರಿಯ ಕೆಳಗೆ ಕತ್ತಲೆಯಲ್ಲಿ ಒಣಗಿಸಿ ಮತ್ತೆ ಬಳಸುವುದರಿಂದ ಹುಟ್ಟುವ ಸೋಂಕುಗಳ ವಿಚಾರವನ್ನು ಯಾವ ಆರೋಗ್ಯ ಸಹಾಯಕಿಯನ್ನು ಕೇಳಿದರೂ ಹೇಳಿಯಾಳು. 2019ರಲ್ಲಿ ಮಹಾರಾಷ್ಟ್ರ ಸರಕಾರವು ನೇಮಿಸಿದ ಸಮಿತಿಯೊಂದರ ಪರಿಶೀಲನೆಯಲ್ಲಿ, ಬೀಡ ಜಿಲ್ಲೆಯ 82,309 ಕಬ್ಬು ಕಡಿಯುವ ಹೆಂಗಸರ ಪೈಕಿ 13,861 ಮಂದಿ ಗರ್ಭಕೋಶವನ್ನೇ ತೆಗೆಯಿಸಿಕೊಂಡವರೆಂದು ತಿಳಿದುಬಂದಿತು. ಅದಕ್ಕೆ ಕಾರಣಗಳು ಹಲವು. ದುಡ್ಡಿನಾಸೆಯ ವೈದ್ಯವೂ ಅಜ್ಞಾನವೂ ಖಾಡಾದ ಭಯವೂ ಅದರಲ್ಲಿ ಕೂಡಿವೆ. ಆದರೆ ಶುಚಿಯಾಗಿರಲು ಸ್ಥಳವಿಲ್ಲದ ಕಡೆ ಬಿಳಿಸೆರಗು, ಉರಿಮೂತ್ರಗಳೆಂದು ನರಳುವವಳಿಗೆ ಆ ಕತ್ತರಿಯ ಹಾದಿಯು ಸುಲಭವಾಗಿ ಕಂಡಿತೆಂದರೆ ಆಶ್ಚರ್ಯವೇನು? ಆ ಹೆಂಗಸರಲ್ಲಿ ಎಷ್ಟೋ ಮಂದಿ ಕೃಷ್ಣೆಯ ಈಚೆಯ ಹೊಲಗಳಿಗೂ ಬಂದು ಹೋಗುವವರೇ.

ಕಾನೂನು ಏನೆನ್ನುವುದೆಂದು ಕೇಳುವಿರಾದರೆ, ಅದು ಒಳ್ಳೆಯ ಮಾತುಗಳನ್ನೇ ಆಡಿದೆ. 1948ರ ಕಾರ್ಖಾನೆ ಕಾಯಿದೆಯ 42ನೆಯ ಕಲಮು, ಕಾರ್ಖಾನೆಯಲ್ಲಿ ದುಡಿಯುವ ಸ್ತ್ರೀಪುರುಷರಿಗೆ ಬೇರೆಬೇರೆಯಾಗಿ, ಸಾಕಷ್ಟು ಮರೆಯುಳ್ಳ ತೊಳೆದುಕೊಳ್ಳುವ ಸೌಕರ್ಯವನ್ನು ಒದಗಿಸತಕ್ಕದ್ದೆಂದು ವಿಧಿಸಿತು. ಆದುದರಿಂದ ಕಬ್ಬನ್ನು ಅರೆಯುವವನಿಗೆ ನಲ್ಲಿಯುಂಟು, ಕಬ್ಬನ್ನು ಕಡಿಯುವವಳು ಕಾರ್ಖಾನೆಯ ಗೋಡೆಯ ಹೊರಗಿರುವುದರಿಂದ ಅವಳಿಗಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯು ಗುತ್ತಿಗೆದಾರನು ತಕ್ಕ ವಸತಿಯನ್ನು ಕೊಡಬೇಕೆಂದಿತು. ಅದು ಬೀಡದವಳಿಗೆ ಕಾಗದದ ಮೇಲಾದರೂ ದೊರೆಯಿತು, ವಿಜಯಪುರದವಳು ಯಾವ ಗಡಿಯನ್ನೂ ದಾಟಿ ಬಂದವಳಲ್ಲವಾದುದರಿಂದ ಅವಳಿಗೆ ಅದೂ ದೊರೆಯಲಿಲ್ಲ. 2020ರಲ್ಲಿ ಸಂಸತ್ತು ಅಂಗೀಕರಿಸಿದ ವೃತ್ತಿ ಸುರಕ್ಷತೆಯ ಸಂಹಿತೆಯಲ್ಲಿ ಸ್ನಾನದ ಸ್ಥಳವೆಂಬ ಮಾತೇ ಸ್ಪಷ್ಟವಾಗಿ ಬಂದಿದೆ. ಇಷ್ಟೆಲ್ಲ ಇದ್ದೂ ಫಲವೇನು? ಕಾರ್ಖಾನೆಯನ್ನು ಕೇಳಿದರೆ, ನಾವು ಒಪ್ಪಂದ ಮಾಡಿಕೊಂಡಿರುವುದು ಸಾಗಣೆಯ ಗುತ್ತಿಗೆದಾರನೊಡನೆ ಎನ್ನುವರು. ಗುತ್ತಿಗೆದಾರನು ಮುಕಾದಮನನ್ನು ತೋರಿಸುವನು. ಮುಕಾದಮನು, ಹೊಲದ ಸಾಹುಕಾರರು ಜಾಗ ಕೊಟ್ಟರೆ ತಾನೆ ಎಂದು ತಮ್ಮನ್ನು ತೋರಿಸುವನು. ಆ ಬೆರಳು ತಮ್ಮ ಮುಂದೆ ಬಂದು ನಿಂತಿರುವಾಗ ತಾವು ಅದನ್ನು ಮತ್ತೆ ಕಾರ್ಖಾನೆಯ ಕಡೆಗೆ ತಿರುಗಿಸದಿರಿ ಎಂಬುದೇ ನನ್ನ ಮೊದಲ ಪ್ರಾರ್ಥನೆ.

ಹಾಗೆಂದು ಕಾರ್ಖಾನೆಗಳನ್ನು ನಾನು ಋಣಮುಕ್ತಗೊಳಿಸಿದೆನೆಂದು ತಿಳಿಯಬಾರದು. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳ ಕೂಲಿಗಳು ಒಂದು ಕಾಲದಲ್ಲಿ ಮೈತುಂಬ ಮಸಿಯೊಡನೆಯೇ ಮನೆಗೆ ನಡೆದು, ಅಡಿಗೆಯ ಒಲೆಯ ಮುಂದೆ ತಗಡಿನ ತೊಟ್ಟಿಯಲ್ಲಿ ಕುಳಿತು, ಹೆಂಡತಿಯರು ಕಾಯಿಸಿಕೊಟ್ಟ ನೀರಿನಿಂದ ತೊಳೆದುಕೊಳ್ಳುತ್ತಿದ್ದರು. 1920ರಲ್ಲಿ ಅಲ್ಲಿಯ ಪಾರ್ಲಿಮೆಂಟು, ಅಗೆದು ತೆಗೆದ ಪ್ರತಿ ಟನ್ನು ಕಲ್ಲಿದ್ದಲಿನ ಮೇಲೆ ಒಂದೊಂದು ಪೆನ್ನಿಯನ್ನು ಗಣಿಗಾರರ ಕಲ್ಯಾಣಕ್ಕಾಗಿ ವಸೂಲು ಮಾಡತಕ್ಕದ್ದೆಂದು ವಿಧಿಸಿತು. ಅದೂ ಸಾಲದೆಂದು 1926ರಲ್ಲಿ, ಗಣಿಯ ಭೂಮಿಯ ಒಡೆಯರಿಗೆ ಸಲ್ಲುವ ರಾಯಧನದ ಮೇಲೆ ನೂರಕ್ಕೆ ಐದರಂತೆ, ಗಣಿಯ ಬಾಯಲ್ಲಿ ಸ್ನಾನಗೃಹಗಳನ್ನು ಕಟ್ಟಿಸುವುದಕ್ಕೆಂದೇ ಕರವನ್ನು ಹಾಕಿತು. ಭೂಮಿಯ ಒಡೆಯರೂ ಕೊಡಬೇಕಾಯಿತೆಂಬುದನ್ನು ತಾವು ದಯಮಾಡಿ ಗಮನಿಸಬೇಕು. ನಮ್ಮ ನೆರೆಯ ಮಹಾರಾಷ್ಟ್ರದಲ್ಲಿಯೂ ಗೋಪೀನಾಥ ಮುಂಡೆಯವರ ಹೆಸರಿನಲ್ಲಿ ಕಬ್ಬು ಕಡಿಯುವವರ ಕಲ್ಯಾಣ ಮಹಾಮಂಡಳವೊಂದು ಸ್ಥಾಪಿತವಾಗಿ, ಅರೆದ ಕಬ್ಬಿನ ಟನ್ನಿಗೆ 10 ರೂಪಾಯಿಯಂತೆ ಕಾರ್ಖಾನೆಗಳಿಂದ ಕೂಡಿಸುವ ಏರ್ಪಾಟಾಗಿದೆ. ಆದರೆ ಆ ಕಾನೂನಿನ ಕೈ ಗಡಿಯ ಕಲ್ಲಿನವರೆಗೆ ಮಾತ್ರ. ಅದೇ ಹೆಂಗಸು ಅದೇ ಕುಡುಗೋಲನ್ನು ಹಿಡಿದು ಮೀರಜಿನಿಂದ ಕಾಗವಾಡಕ್ಕೆ ದಾಟಿದೊಡನೆ, ಇಲ್ಲಿ ಅವಳು ಕಡಿದ ಟನ್ನಿನ ಮೇಲೆ ಆ ಹತ್ತು ರೂಪಾಯಿ ಹುಟ್ಟುವುದಿಲ್ಲ. ತಮ್ಮಲ್ಲಿ ಅನೇಕರು ಸಹಕಾರಿ ಕಾರ್ಖಾನೆಗಳ ಶೇರುದಾರರು; ವಾರ್ಷಿಕ ಸಭೆಯಲ್ಲಿ ಸಕ್ಕರೆಯ ಹಂಚಿಕೆಯ ವಿಷಯ ಮುಗಿದ ಬಳಿಕ ಇಂಥದೊಂದು ವಂತಿಗೆಯ ಪ್ರಶ್ನೆಯನ್ನೂ ಎತ್ತಬಹುದಲ್ಲವೆ?

ಗಾಲಿಯ ಮೇಲಿನ ಬಾಳು ತಮಗೆ ಅಪರಿಚಿತವೇನೂ ಅಲ್ಲ. 2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ, ಪುನಃ 2021ರಲ್ಲಿ ಕೃಷ್ಣೆಯೂ ದೂಧಗಂಗೆಯೂ ವೇದಗಂಗೆಯೂ ಏಕಕಾಲಕ್ಕೆ ದಂಡೆ ಮೀರಿ ಬಂದಾಗ, ಹೊಳೆಸಾಲಿನ ಊರುಗಳವರು ದನಕರುಗಳನ್ನೂ ಕಾಳಿನ ಚೀಲಗಳನ್ನೂ ಟ್ರಾಲಿಗೆ ಹೇರಿಕೊಂಡು ದಿನ್ನೆಯ ಮೇಲೆ, ಶಾಲೆಯ ಅಂಗಳದಲ್ಲಿ, ರಸ್ತೆಯ ಮಗ್ಗುಲಲ್ಲಿ ದಿನಗಳನ್ನು ನೂಕಿದರು. ಆ ದಿನಗಳಲ್ಲಿ ನಮ್ಮ ಮನೆಗಳ ಹೆಣ್ಣುಮಕ್ಕಳು, ತಲೆಯ ಸೆರಗು ಜಾರಿದರೆ ಸೈರಿಸದ ಮನೆತನಗಳ ಸೊಸೆಯಂದಿರು, ಎಲ್ಲಿ ಜಳಕ ಮಾಡಿದರು? ಸುತ್ತಲೂ ನೀರು, ಒಂದು ತಂಬಿಗೆ ಹುಯ್ದುಕೊಳ್ಳಲು ಮಾತ್ರ ಮರೆಯಿಲ್ಲ. ಕಾಳಜಿ ಕೇಂದ್ರಗಳಿಗೆ ಅಕ್ಕಿ ಬಂದಿತು, ಹೊದಿಕೆ ಬಂದಿತು, ಬಿಸ್ಕೀಟು ಬಂದಿತು; ತಟ್ಟಿಯ ನಾಲ್ಕು ಗೋಡೆಗಳನ್ನು ತರಬೇಕೆಂದು ಯಾರಿಗೂ ತೋಚಲಿಲ್ಲ, ಏಕೆಂದರೆ ಪಟ್ಟಿ ಬರೆಯುವವರು ಗಂಡಸರಾಗಿದ್ದರು. ಅದಕ್ಕೂ ಹಿಂದೆ, 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆಯೇ ವಾರಗಟ್ಟಲೆ ಬೀಡುಬಿಟ್ಟಿದ್ದನ್ನು ಹಿರಿಯರು ಮರೆತಿರಲಾರರು. 2025ರ ನವೆಂಬರಿನಲ್ಲಿ ಕಬ್ಬಿನ ದರಕ್ಕಾಗಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಹಗಲಿರುಳು ರಸ್ತೆಯಲ್ಲಿ ಕುಳಿತವರಲ್ಲಿ ತಮ್ಮವರೂ ಇದ್ದಿರಬೇಕು. ಮಾಘಮಾಸದಲ್ಲಿ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಹೋದವರಂತೂ ಪ್ರತಿವರ್ಷವೂ ನೋಡುತ್ತಾರೆ: ಚಕ್ಕಡಿ, ಟ್ರ್ಯಾಕ್ಟರು, ಟೆಂಪೋಗಳ ಸಾಲುಸಾಲು, ಒಂದೊಂದರ ಪಕ್ಕಕ್ಕೂ ಕಟ್ಟಿದ ಒಂದೊಂದು ಸೀರೆ. ಜಾತ್ರೆಯ ಜನರು ಕೆಲವೇ ದಿನಗಳಲ್ಲಿ ಮನೆ ಸೇರಿ ಬಚ್ಚಲಿನ ಬಾಗಿಲನ್ನು ಹಾಕಿಕೊಳ್ಳುವರು, ನೆರೆಯಲ್ಲಿ ನೊಂದವರು ನೀರಿಳಿದ ಮೇಲೆ. ಟೋಳಿಯ ಹೆಂಗಸಿಗೆ ಅದು ಐದು ತಿಂಗಳ ನಿತ್ಯಸ್ಥಿತಿ.

ತಮ್ಮ ಆಕ್ಷೇಪಗಳನ್ನು ನಾನು ಕೇಳದೆ ಇಲ್ಲ. ಮುಂಗಡವನ್ನು ಎಣಿಸಿಕೊಂಡು ಮುಕಾದಮರು ನಾಪತ್ತೆಯಾದ ಸಂಗತಿಗಳು ಊರೂರಿಗೂ ಇವೆ. ಕಟಾವಿಗೆ ಬಂದವರು ಖುಷಾಲಿಯೆಂದು ಎಕರೆಯ ಲೆಕ್ಕದಲ್ಲಿ ಹಣ ಕೇಳುವುದೂ, ಕೊಡದಿದ್ದರೆ ಬುಡಕ್ಕೆ ಹಚ್ಚಿ ಕಡಿಯದೆ ಗೇಣುದ್ದ ಕೂಳೆ ಬಿಟ್ಟು ಹೋಗುವುದೂ ಸುಳ್ಳಲ್ಲ. ಇಷ್ಟೆಲ್ಲ ಕೊಟ್ಟ ಮೇಲೆ ಜಳಕದ ಮನೆಯನ್ನೂ ನಾವೇ ಕಟ್ಟಿಸಬೇಕೆ ಎಂದು ಕೆಲವರು ಸಿಡಿಮಿಡಿಗೊಳ್ಳುವುದು ಸಹಜ. ಆದರೆ ಖುಷಾಲಿಯನ್ನು ಎಣಿಸಿಕೊಳ್ಳುವ ಕೈಯೂ ಕತ್ತಲೆಯಲ್ಲಿ ಸೀರೆಯ ಅಂಚನ್ನು ಹಿಡಿದು ನಿಲ್ಲುವ ಕೈಯೂ ಒಂದೇ ಅಲ್ಲ. ಮೊದಲನೆಯದರ ಮೇಲಿನ ಸಿಟ್ಟನ್ನು ಎರಡನೆಯದರ ಮೇಲೆ ತೀರಿಸಿಕೊಳ್ಳುವುದು ನ್ಯಾಯವಲ್ಲ. ಮತ್ತೆ ಕೆಲವರು, ಹೊಳೆಯೇ ಹರಿಯುತ್ತಿರುವಾಗ ನೀರಿಗೇನು ಬರ, ಅಲ್ಲಿಗೆ ಹೋಗಲಿ ಎನ್ನುತ್ತಾರೆ. ಯಡೂರು, ಮಾಂಜರಿ, ಉಗಾರ, ಕುಡಚಿಗಳಲ್ಲಿ ಹೊಳೆಯುಂಟು, ನಿಜ. ಅಥಣಿ ತಾಲೂಕಿನ ಮೂಡಣ ಭಾಗದಲ್ಲಿ ಎಲ್ಲಿಯ ಹೊಳೆ? ಉಂಟಾದ ಕಡೆಯಲ್ಲಿಯೂ, ಕತ್ತಲೆಯಲ್ಲಿ ಕಬ್ಬಿನ ನಡುವಿನ ಕಾಲುದಾರಿಯನ್ನು ಹಿಡಿದು, ಹುಳಹುಪ್ಪಟೆಗಳನ್ನೂ ಅದಕ್ಕಿಂತ ಕೆಟ್ಟುದನ್ನೂ ಅಂಜುತ್ತ, ಹದಿನಾಲ್ಕು ವರ್ಷದ ಮಗಳನ್ನು ಹೊಳೆಗೆ ಕಳಿಸುವ ತಾಯಿಯಿರುವಳೆ? ಮಹಾರಾಷ್ಟ್ರದಿಂದ ಬರುವ ಟೋಳಿಗಳ ಹೆಂಗಸರು ತಮ್ಮ ಹುಡುಗಿಯರನ್ನು ಎಳೆಯ ವಯಸ್ಸಿನಲ್ಲಿಯೇ ಮದುವೆ ಮಾಡಿಬಿಡುವುದೇಕೆಂದು ನಾವು ಇಲ್ಲಿ ಕುಳಿತು ಖಂಡಿಸುತ್ತೇವೆ. ಮರೆಯಿಲ್ಲದ ಬೀಡಿನಲ್ಲಿ ಬೆಳೆದ ಮಗಳನ್ನು ಕಾಯುವುದು ಹೇಗೆಂಬ ಚಿಂತೆಯೂ ಆ ಅವಸರಕ್ಕೆ ಕಾರಣವಾಗಿದೆ.

ಜಳಕಕ್ಕೆ ನಾವು ಸ್ಥಳ ಕೊಡದಿರುವುದಕ್ಕಿರುವ ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದುದರಿಂದ ನಾನೇ ಹೇಳುತ್ತೇನೆ. ಟೋಳಿಯವರಲ್ಲಿ ಬಂಜಾರರು, ವಂಜಾರಿಗಳು, ದಲಿತರು ಬಹುಮಂದಿ. ಹೊಲದ ಮನೆಯ ಮುಂದಿನ ಬಚ್ಚಲು ಖಾಲಿಯಿದ್ದರೂ, ನಲ್ಲಿ ಸುರಿಯುತ್ತಿದ್ದರೂ, ‘ಅವರು’ ಅಲ್ಲಿ ಮೈತೊಳೆಯುವುದು ನಮ್ಮ ಮನೆಯ ಹಿರಿಯರಿಗೆ ಸೇರದು. 1925ರಲ್ಲಿ ನಿಪ್ಪಾಣಿಯಲ್ಲಿ ಕೂಡಿದ ಬಹಿಷ್ಕೃತರ ಪರಿಷತ್ತಿಗೆ ಅಂಬೇಡ್ಕರರು ಬಂದಿದ್ದರು. ಎರಡು ವರ್ಷಗಳ ಮೇಲೆ ಮಹಾಡದಲ್ಲಿ ಕೆರೆಯ ನೀರನ್ನು ಮುಟ್ಟಿದರು. ನಿಪ್ಪಾಣಿಯ ಆ ಸಭೆಗೆ ನೂರು ವರ್ಷಗಳು ತುಂಬಿದ ಮೇಲೂ ನಮ್ಮ ಹೊಲದ ಬಚ್ಚಲಿನ ಹೊಸ್ತಿಲಿಗೆ ಆ ಸುದ್ದಿ ಮುಟ್ಟಿಲ್ಲವೆಂದರೆ ನಾಚಿಕೆಯಾಗಬೇಕಾದುದು ಟೋಳಿಯವರಿಗಲ್ಲ. ಕಟಾವಿನ ಯಂತ್ರಗಳು ಬರುತ್ತಿವೆ, ಇನ್ನು ಕೆಲವು ವರ್ಷಗಳಲ್ಲಿ ಟೋಳಿಗಳೇ ಇರುವುದಿಲ್ಲ, ಈ ಚಿಂತೆಯೇಕೆಂಬವರಿಗೆ ಉತ್ತರ ಕೊಡುವುದು ಅನಾವಶ್ಯಕ. ಇಂದಿನ ಜಳಕವನ್ನು ಇಂದೇ ಮಾಡಬೇಕು.

ಮಾಡಬೇಕಾದುದೇನೆಂಬುದಕ್ಕೆ ಬರುವೆನು. ಕಲ್ಲು ಸಿಮೆಂಟಿನ ಕಟ್ಟಡವನ್ನು ನಾನು ಕೇಳುತ್ತಿಲ್ಲ. ಟೋಳಿಯು ತಮ್ಮ ಹೊಲದ ಆಸುಪಾಸಿನಲ್ಲಿ ಇರುವುದು ಕೆಲವೇ ವಾರಗಳು. ಐದಡಿ ಅಗಲ, ಎಂಟಡಿ ಉದ್ದದ ಜಾಗಕ್ಕೆ ಬಿದಿರಿನ ಗಳಗಳನ್ನು ಎರಡಡಿ ಆಳಕ್ಕೆ ನೆಟ್ಟು, ನಡುವೆ ಒಂದು ಅಡ್ಡಮರೆ ಕಟ್ಟಿದರೆ ಮುಂದಿನ ಅರ್ಧ ಬಟ್ಟೆ ಬದಲಾಯಿಸುವುದಕ್ಕೂ ಹಿಂದಿನ ಅರ್ಧ ನೀರಿಗೂ ಆಯಿತು. ಬಟ್ಟೆ ಬದಲಾಯಿಸುವ ಆ ಒಣ ಅರ್ಧವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಜಳಕದಷ್ಟೇ ಕಷ್ಟದ್ದು ಒಣಬಟ್ಟೆಯನ್ನು ತೊಯ್ಯದಂತೆ ಉಡುವುದು, ಆದುದರಿಂದ ಅಲ್ಲಿ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಒಂದು ಹಲಗೆಯನ್ನೂ, ಬಟ್ಟೆ ತೂಗಹಾಕಲು ನಾಲ್ಕು ಮೊಳೆಗಳನ್ನೂ ಮರೆಯಬಾರದು. ಗೋಡೆಗೆ ದ್ರಾಕ್ಷಿಯ ತೋಟಕ್ಕೋ ಸಸಿಮಡಿಗೋ ತಂದು ಉಳಿದ ಹಸಿರು ಜಾಲಿಯನ್ನು ಬಳಸುವ ಮನಸ್ಸಾದೀತು. ಅದು ಹಗಲು ಹೊರಗಿನಿಂದ ಮರೆಯಾಗಿ ಕಂಡರೂ, ಒಳಗೆ ದೀಪವಿಟ್ಟೊಡನೆ ನೆರಳನ್ನೆಲ್ಲ ಹೊರಗೆ ತೋರಿಸುವುದರಿಂದ ಸರಿಹೋಗದು. ಗೊಬ್ಬರದ ಚೀಲಗಳನ್ನು ಬಿಚ್ಚಿ, ಒಗೆದು, ಜೋಡಿಸಿ ಹೊಲಿಸಿದರೆ ಅದಕ್ಕಿಂತ ಮೇಲು. ಹಳೆಯ ತಾಡಪತ್ರಿಯಾದರೆ ಇನ್ನೂ ಮೇಲು. ಮೇಲ್ಗಡೆಗೂ ಹೊದಿಕೆ ಬೇಕು; ಏಕೆಂದರೆ ತುಂಬಿದ ಟ್ರಾಲಿಯ ಮೇಲೆ ನಿಂತು ಹಗ್ಗ ಬಿಗಿಯುವವನ ಕಣ್ಣಿಗೆ ಆರಡಿಯ ಗೋಡೆಯು ಗೋಡೆಯೇ ಅಲ್ಲ. ಕೆಳಗೆ ಎರಡು ಶಹಾಬಾದಿ ಫರಸಿಗಳನ್ನು ಹಿಂದಕ್ಕೆ ಸ್ವಲ್ಪ ಇಳಿಜಾರಾಗಿ ಹಾಸಿ, ಹೊರಗೆ ಮೂರಡಿ ಆಳದ ಕುಣಿ ತೋಡಿ ಇಟ್ಟಿಗೆಯ ಚೂರು, ಗರಸುಗಳನ್ನು ತುಂಬಿದರೆ ಕೆಸರೂ ಇಲ್ಲ, ಸೊಳ್ಳೆಯೂ ಇಲ್ಲ. ಬಾವಿಯಿಂದ ಮಾತ್ರ ಅದು ದೂರವಿರಲಿ. ಮೇಲೆ ಅಟ್ಟಣೆಯಲ್ಲಿ ಒಂದು ಬ್ಯಾರಲ್ಲು, ಅದಕ್ಕೊಂದು ತೋಟಿ. ಪಂಪಿಗೆ ಸರಕಾರ ಕೊಡುವ ಏಳು ತಾಸಿನ ಕರೆಂಟು ಯಾವ ನಡುರಾತ್ರಿ ಬಂದರೂ ಸರಿಯೆ, ಆಗ ಅದು ತುಂಬಿಕೊಳ್ಳುವಂತೆ ಡ್ರಿಪ್ಪಿನ ಪೈಪಿನಿಂದ ಒಂದು ಕವಲನ್ನು ಎಳೆದಿಟ್ಟರಾಯಿತು; ಬ್ಯಾರಲ್ಲಿಗೆ ಕಪ್ಪು ಬಣ್ಣ ಬಳಿದಿದ್ದರೆ ಮಧ್ಯಾಹ್ನದ ಬಿಸಿಲಿಗೆ ನೀರು ಬೆಚ್ಚಗಾಗಿ, ಸಂಜೆ ಕೆಲಸದಿಂದ ಬಂದವಳು ಉರುವಲನ್ನು ಕಾಯದೆ ಮೈತೊಳೆಯಬಹುದು. ಒಂದು ಸೌರದೀಪ, ಬಿಸಿಲು ಬೀಳುವ ಕಡೆಗೆ ಮರೆಯ ಹಿಂದೆ ಒಂದು ಹಗ್ಗ, ಒಳಗಿನಿಂದ ಹಾಕಿಕೊಳ್ಳುವ ಒಂದು ಚಿಲಕ. ಇದೆಲ್ಲವನ್ನೂ ನಿಂತ ಕಬ್ಬಿಗೆ ಆನಿಸಿ ಕಟ್ಟಬಾರದು, ಕಬ್ಬಿನೊಳಗೆ ಯಾರು ಅಡಗಿದರೂ ತಿಳಿಯದು. ಟೋಳಿಯ ಕೋಪಿಗಳ ಕೂಗಳತೆಯಲ್ಲಿ, ಬಯಲಿಗೆ, ರಸ್ತೆಗೆ ಬೆನ್ನಾಗಿ ಇರಲಿ.

ಇದರಲ್ಲಿ ಮುಕ್ಕಾಲುಪಾಲು ಸಾಮಾನು ತಮ್ಮ ಹೊಲದ ಮನೆಯ ಅಟ್ಟದಲ್ಲಿಯೇ ಬಿದ್ದಿದೆ. ಉಳಿದುದನ್ನು ಹೊಸದಾಗಿ ಕೊಂಡರೂ, 2025ರ ನವೆಂಬರಿನಲ್ಲಿ ಗೊತ್ತಾದ ಟನ್ನಿಗೆ 3,300 ರೂಪಾಯಿಯ ದರದಲ್ಲಿ, ಒಂದು ಟನ್ನು ಕಬ್ಬಿನ ಬೆಲೆಯನ್ನು ಮೀರಲಾರದೆಂದು ನನ್ನ ಅಂದಾಜು. ಕಟಾವು ಮುಗಿದ ಮೇಲೆ ಬಿಚ್ಚಿ ಕಟ್ಟಿಟ್ಟರೆ ಮುಂದಿನ ವರ್ಷಕ್ಕೂ, ಪಕ್ಕದ ಹೊಲದವರಿಗೂ ಆಯಿತು. ನಾಲ್ಕೈದು ಮಂದಿ ಬೆಳೆಗಾರರು ಕೂಡಿ ಒಂದನ್ನು ಮಾಡಿಸಿಕೊಂಡರೂ ತಪ್ಪಿಲ್ಲ.

ಟ್ರ್ಯಾಕ್ಟರುಗಳ ಒಡೆಯರಿಗೂ ಒಂದು ಮಾತು, ತಮ್ಮಲ್ಲಿ ಅನೇಕರು ಅವರೂ ಆಗಿರುವುದರಿಂದ. ಟ್ರಾಲಿಯ ಅಂಚಿನಲ್ಲಿ ಗೂಟ ಸಿಕ್ಕಿಸುವ ಕೊಳವೆಗಳಿರುವುದಷ್ಟೆ. ಅವುಗಳಿಗೆ ಹೊಂದುವಂತೆ ಕಬ್ಬಿಣದ ಎರಡು ಮಡಿಸುವ ತೋಳುಗಳನ್ನು ಮಾಡಿಕೊಡೆಂದರೆ ಚಿಕ್ಕೋಡಿಯ ಯಾವ ವೆಲ್ಡಿಂಗ್ ಅಂಗಡಿಯವನೂ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುವನು. ನಿಂತ ಕಡೆ ಬಿಡಿಸಿ ತಾಡಪತ್ರಿ ಇಳಿಬಿಟ್ಟರೆ ಮೂರು ಕಡೆಗೆ ಮರೆ, ನಾಲ್ಕನೆಯ ಕಡೆ ಟ್ರಾಲಿಯೇ. ಹೊರಡುವಾಗ ಮಡಿಸಿ ಪಕ್ಕಕ್ಕೆ ಕಟ್ಟಿದರೆ ಕಬ್ಬು ಹೇರುವುದಕ್ಕೆ ಅಡ್ಡಿಯಿಲ್ಲ. ಸೀರೆಯ ಅಂಚನ್ನು ಹಿಡಿದು ನಿಲ್ಲುವ ಆ ಎರಡನೆಯ ಹೆಂಗಸು ಅಷ್ಟು ಹೊತ್ತು ಹೆಚ್ಚಿಗೆ ಮಲಗಿಯಾಳು. ಕಾರ್ಖಾನೆಯ ಅಂಗಳದಲ್ಲಿ ತೂಕದ ಪಾಳಿಗಾಗಿ ಒಮ್ಮೊಮ್ಮೆ ದಿನವೊಂದನ್ನು ಮೀರಿ ಕಾಯುವ ಡ್ರೈವರುಗಳಿಗೂ, ಅವರೊಡನೆ ಬಂದ ಸಂಸಾರಗಳಿಗೂ, ನಾಲ್ಕು ನಲ್ಲಿಗಳುಳ್ಳ ಬಚ್ಚಲುಗಳ ಸಾಲೊಂದನ್ನು ಕಟ್ಟಿಸುವುದು ಮಾತ್ರ ಕಾರ್ಖಾನೆಗಳ ಕೆಲಸ. ಕಾರ್ಖಾನೆಯ ಬಿಸಿನೀರು ಅಲ್ಲಿ ಬೇಕಾದಷ್ಟು ಹರಿದು ಹೋಗುತ್ತಿರುವಾಗ ಅವರು ಕಾಯಿಸುವ ಖರ್ಚಿನ ಮಾತನ್ನಾಡಲಾರರು. ಗ್ರಾಮ ಪಂಚಾಯತಿಗಳು ಊರ ಹೊರಗಿನ ತಮ್ಮ ಜಾಗಗಳಲ್ಲಿ ಟೋಳಿಗಳಿಗೆ ಬೀಡುಬಿಡಲು ಹೇಳುವಾಗ ನೀರಿನ ಟ್ಯಾಂಕಿಯ ಪಕ್ಕದ ಜಾಗವನ್ನೇ ತೋರಿಸಿದರೆ ಅರ್ಧ ಕೆಲಸ ಆದಂತೆ.

ಒಂದನ್ನು ಮಾತ್ರ ತಾವೇ ನಿರ್ಧರಿಸಬೇಡಿರಿ. ಜಾಗ ಎಲ್ಲಿ, ಬಾಗಿಲು ಯಾವ ದಿಕ್ಕಿಗೆ, ಎಷ್ಟು ಎತ್ತರಕ್ಕೆ ಎಂಬುದನ್ನು ಟೋಳಿಯ ಹಿರಿಯ ಹೆಂಗಸನ್ನು ಕೇಳಬೇಕು. ಕೇಳುವ ಕೆಲಸವನ್ನು ಮುಕಾದಮನಿಗೆ ಒಪ್ಪಿಸದೆ ತಮ್ಮ ಮನೆಯ ಹೆಣ್ಣುಮಕ್ಕಳಿಗೆ ಒಪ್ಪಿಸಬೇಕು. ನಮ್ಮವರಿಗೆ ಮರಾಠಿ ಬರುತ್ತದೆ, ಟೋಳಿಯವರಿಗೆ ಅಷ್ಟಿಷ್ಟು ಕನ್ನಡ ತಿಳಿಯುತ್ತದೆ. ಎಂಟು ದಿನ ಒಂದೇ ಬದುವಿನ ಮೇಲೆ ಓಡಾಡಿಯೂ ನಮ್ಮ ಮನೆಯವರು ಆ ಹಿರಿಯಳ ಹೆಸರನ್ನು ಕೇಳಿರುವುದಿಲ್ಲ.

ತಮ್ಮ ಹೊಲದ ಪಾಳಿ ಯಾವ ವಾರಕ್ಕೆಂಬುದು ಕಾರ್ಖಾನೆಯ ಚೀಟಿಯಿಂದ ತಮಗೆ ಮೊದಲೇ ತಿಳಿಯುತ್ತದೆ. ಟೋಳಿ ಬರುವ ಹಿಂದಿನ ದಿನ ಗಳಗಳನ್ನು ನೆಡಿಸಿ, ಬ್ಯಾರಲ್ಲನ್ನು ತುಂಬಿಸಿ ಇಟ್ಟಿರಬೇಕೆಂದು ತಮ್ಮಲ್ಲಿ ಪ್ರಾರ್ಥನೆ. ಚಿಲಕವು ಒಳಗಡೆಗೇ ಇರಲಿ.

ಇಂತು,
ತಮ್ಮ ಸಹೋದರಿ,
ಚಿಕ್ಕೋಡಿ ತಾಲೂಕಿನ ಒಬ್ಬ ಬೆಳೆಗಾರ್ತಿ